ಬಿಡುವಾಗಿ ಕಂಡ ಕಂಪ್ಯೂಟರ್

ಬಿಸಿಎ ಓದುವಾಗ ಗುಂಡ್ಲುಪೇಟೆಯ ಸುಧಾಮಣಿಗೆ ಗಣಿತದಲ್ಲಿ ಬಂದದ್ದು ಬರೀ ಪಾಸ್ ಮಾರ್ಕು. ಆಮೇಲೆ ಚಾಮರಾಜನಗರದಲ್ಲಿ ಎಂಟು ವರ್ಷ ಟೈಪಿಂಗ್ ಕಲಿಸಿದಳು. ನಲವತ್ತು ತುಂಬುವ ಹೊತ್ತಿಗೆ, ಚೆಂಡು ಹೂ ಖರೀದಿಸುವ ಕಂಪನಿಯೊಂದರ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಗೆ ಬಂದಿದ್ದವು.

ರೈತರು ಬೆಳಗ್ಗೆ ಏಳಕ್ಕೆ ಮೊಬೈಲಿನಲ್ಲಿ ಟೋಕನ್ ಪಡೆದು, ಅದರಲ್ಲಿ ತೋರಿಸಿದ ಹೊತ್ತಿಗೆ ಹೂ ತರಬೇಕು. ತಡವಾದರೆ ಹೂ ಒಯ್ಯುವ ಕೇರಳದ ಲಾರಿಗಳು ರಾತ್ರಿ ಬಂಡೀಪುರ ಕಾಡಿನ ಗೇಟು ಮುಚ್ಚುವುದರೊಳಗೆ ದಾಟಲಾರವು. ಹೂವಿನ ಕಾಲದಲ್ಲಿ ಮೂರು ಸಾವಿರ ಜನ ಒಟ್ಟೊಟ್ಟಿಗೇ ಟೋಕನ್ ಕೇಳುತ್ತಿದ್ದರು. ಕೊಡಲು ಇದ್ದದ್ದು ಮೂರು ಸರ್ವರ್‌: ಗುಂಡ್ಲುಪೇಟೆಯಲ್ಲೊಂದು, ಸಂತೆಮರಹಳ್ಳಿಯಲ್ಲೊಂದು, ತೆರಕಣಾಂಬಿಯಲ್ಲೊಂದು. ಬಂದ ಕೋರಿಕೆಗಳನ್ನು ಒಂದು ಪ್ರೋಗ್ರಾಂ ಸರದಿಯ ಪ್ರಕಾರ ಮೂರಕ್ಕೂ ಹಂಚುತ್ತಿತ್ತು. ತೆರಕಣಾಂಬಿಯದು ಹಳೇ ಮೆಷಿನ್ನು. ಅದಕ್ಕೂ ಸಮಪಾಲು ಬೀಳುತ್ತಿದ್ದರಿಂದ ಅಲ್ಲಿ ಕೋರಿಕೆಗಳು ರಾಶಿಯಾಗಿ, ಒಂದು ಟೋಕನ್ನಿಗೆ ಐದೈದು ನಿಮಿಷ ಕಾಯಬೇಕಾಗುತ್ತಿತ್ತು.

ಸುಧಾಮಣಿ ನಿಯಮ ಬದಲಿಸಿದಳು. ಆ ಗಳಿಗೆಯಲ್ಲಿ ಯಾವುದರ ಕೈಯಲ್ಲಿ ಕಡಿಮೆ ಕೆಲಸವಿದೆಯೋ ಅದಕ್ಕೆ ಮುಂದಿನ ಕೋರಿಕೆ. ಟೋಕನ್‌ಗಳು ಪಟಪಟನೆ ಬಂದವು. ಮ್ಯಾನೇಜರ್ ರಾಜಶೇಖರ್ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದರು.

ಎಂಟನೇ ದಿನ ಬೆಳಗ್ಗೆ ಬಹುತೇಕ ಯಾರಿಗೂ ಟೋಕನ್ ಇಲ್ಲ. ಮೂರು ಸರ್ವರ್‌ಗಳೂ ಚಾಲೂ ಇದ್ದವು, ಫೋನುಗಳು ಮಾತ್ರ ಬಡಿದುಕೊಳ್ಳುತ್ತಿದ್ದವು. ಹಂಗಳದ ರೈತ ಪುಟ್ಟಮಲ್ಲಪ್ಪ ತುಂಬಾ ಸಮಾಧಾನದಿಂದಲೇ ಹೇಳಿದ:

“ಒತ್ತುದ್ ತಕ್ಸಣ ಆಗಲ್ಲ ಅಂತದೆ ಕಣವ್ವ. ಮೊದ್ಲಾದ್ರೆ ಕಾಯ್ಸಿ ಕಾಯ್ಸಿ ಆದ್ರೂ ಕೊಡ್ತಿತ್ತು.”

ಆ ‘ತಕ್ಷಣ’ ಅವಳ ಕಿವಿಯಲ್ಲಿ ನಿಂತಿತು. ನೋಡಿದರೆ, ಹೆಚ್ಚುಕಡಿಮೆ ಎಲ್ಲ ಕೋರಿಕೆಗಳೂ ತೆರಕಣಾಂಬಿಗೇ ಹೋಗುತ್ತಿದ್ದವು. ಅಲ್ಲಿನ ಡಿಸ್ಕ್ ತುಂಬಿ, ಒಂದು ಟೋಕನ್ ಬರೆದಿಡಲೂ ಜಾಗವಿರಲಿಲ್ಲ. ಹಾಗಾಗಿ ಆ ಮೆಷಿನ್ನು ಬಂದವರನ್ನೆಲ್ಲ ಕ್ಷಣದಲ್ಲಿ ವಾಪಸ್ ಕಳಿಸಿ ಕೈ ಖಾಲಿ ಮಾಡಿಕೊಂಡು ಕೂರುತ್ತಿತ್ತು. ಪ್ರೋಗ್ರಾಂ ಕಣ್ಣಿಗೆ ಅದರಷ್ಟು ಬಿಡುವಾದದ್ದು ಇನ್ನೊಂದಿಲ್ಲ. ಸುಧಾಮಣಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ನಿಯಮ ಅವಳದೇ ತಾನೆ.

ರಾಜಶೇಖರ್ ಹಳೇ ಸರದಿಗೇ ಮರಳೋಣ ಎಂದರು.

“ಸರದಿಗೆ ಹಾಕುದ್ರೂ ಮೂರ್ರಲ್ಲಿ ಒಂದು ಅಲ್ಲಿಗೇ ಓಯ್ತದೆ ಸರ್,” ಎಂದಳು. “ಬಿಡುವಾಗಿ ಅದಾ ಅಂತ ಕೇಳುದ್ರೆ ಸಾಲ್ದು. ಕೆಲ್ಸ ಮಾಡ್ತಾ ಅದಾ ಅಂತ್ಲೂ ಕೇಳ್ಬೇಕು.”

ಮೊದಲು ತೆರಕಣಾಂಬಿಯನ್ನು ಪಟ್ಟಿಯಿಂದ ತೆಗೆದಳು. ಉಳಿದೆರಡು ಏದುಸಿರು ಬಿಡುತ್ತಲೇ ಎಂಟೂಕಾಲರೊಳಗೆ ಎಲ್ಲರಿಗೂ ಟೋಕನ್ ಕೊಟ್ಟವು. ಮಧ್ಯಾಹ್ನ ಕೂತು ಇನ್ನೊಂದು ನಿಯಮ ಸೇರಿಸಿದಳು: ಹತ್ತು ಸೆಕೆಂಡಿಗೊಮ್ಮೆ ಪ್ರೋಗ್ರಾಂ ಪ್ರತಿ ಸರ್ವರ್‌ಗೂ ಪರೀಕ್ಷೆಗೆಂದು ಒಂದು ಸುಳ್ಳು ಕೋರಿಕೆ ಕಳಿಸಬೇಕು. ಸತತ ಮೂರು ಸಲ ಸರಿಯಾದ ಟೋಕನ್ ಬರದಿದ್ದರೆ ಅದಕ್ಕೆ ಕೆಲಸ ಬಂದ್, ಸರಿಹೋದ ಮೇಲೆ ಮತ್ತೆ ಶುರು. ಆಮೇಲೆ ಪುಟ್ಟಮಲ್ಲಪ್ಪನಿಗೆ ತಾನೇ ಫೋನ್ ಮಾಡಿ ಆದದ್ದನ್ನೆಲ್ಲ ತಿಳಿಸಿದಳು. ಅವನು ಹೂಂಗುಟ್ಟುತ್ತ ಕೇಳಿ, ನಾಳೆಗೆ ಬೇಗನೆಯದೊಂದು ಟೋಕನ್ ಸಿಗುತ್ತದೆಯೇ ಎಂದು ವಿಚಾರಿಸಿದ.

ಮುಂದಿನ ವಾರ ಸಂತೆಮರಹಳ್ಳಿಯ ಸರ್ವರ್ ಟೋಕನ್ನಿನ ಹೊತ್ತಿನಲ್ಲೇ ಕೈಕೊಟ್ಟಿತು. ಒಬ್ಬ ರೈತನೂ ಫೋನ್ ಮಾಡಲಿಲ್ಲ. ಹನ್ನೊಂದರ ಟೀ ಕುಡಿಯುತ್ತ ಪ್ರೋಗ್ರಾಂ ಬರೆದಿಟ್ಟ ಲಾಗ್ ನೋಡುವವರೆಗೆ ಸುಧಾಮಣಿಗೂ ಅದು ಗೊತ್ತಾಗಿರಲಿಲ್ಲ.