ಚೌಕಿ ಬಾಗಿಲಿಗೆ ಹಾಸಿದ ಕೌದಿ

“ದಾಟಿ ಹೋಗ್ರಿ ಸಾಹೇಬರ. ನಡುವ ಹಚ್ಚಿದ್ದು ನನ್ನ ಗಂಡನ ಅಂಗಿ ಐತಿ, ಅಷ್ಟ.”

ಸಿದ್ದಿಯರ ಮರಿಯಾ ಸೂಜಿಯಿಂದ ಕಣ್ಣೆತ್ತದೆ ಹೀಗಂದಾಗ ಫೌಜದಾರರ ಬೂಟುಗಾಲು ಗಾಳಿಯಲ್ಲೇ ನಿಂತುಬಿಟ್ಟಿತು. ಹಳಿಯಾಳದ ಹತ್ತಿರದ ನಮ್ಮೂರಿನ, ಅರವತ್ತರ ದಶಕದ ಮಾತು. ಪೊಲೀಸ್ ಚೌಕಿಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಮಷಿನ್ ತುಳಿಯುವುದು ಬಿಟ್ಟು ನೋಡುತ್ತ ಕೂತೆ.

ಮರಿಯಾಳ ಗಂಡ ಇನಾಸ, ಕಾಡಿನ ಕೂಲಿಗಳನ್ನು ಬಿಟ್ಟಿ ದುಡಿಸಬೇಡಿ ಎಂದು ಗುತ್ತಿಗೆದಾರನ ಎದುರು ನಿಂತವನು. ಗುತ್ತಿಗೆದಾರನೂ ಅವನ ಆಳುಗಳೂ ಇನಾಸನನ್ನು ಹೊಡೆದು ಕೊಂದರು. ಫೌಜದಾರರು ಮಾತ್ರ ಮರದಿಂದ ಬಿದ್ದು ಸತ್ತ ಎಂದು ಕೈ ತೊಳೆದುಕೊಂಡಿದ್ದರು. ಖೂನಿ ಅಂತ ಫಿರ್ಯಾದಿ ಬರೆದುಕೊಳ್ಳಲಿ ಎಂದೇ ಈಕೆ ಬಾಗಿಲಿಗಡ್ಡ ಹಳೇ ಅರಿವೆಗಳ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು.

ಸತ್ತವರ ಅರಿವೆ ದಾಟಿದರೆ ಅವರು ಬೆನ್ನು ಹತ್ತುತ್ತಾರೆಂಬುದು ನಮ್ಮ ಕಡೆಯ ನಂಬಿಕೆ. ಫೌಜದಾರರು ಕೆಮ್ಮಿ ಹಿತ್ತಲ ಬಾಗಿಲಿಗೆ ನಡೆದರು; ಹಿಂದೆ ನಾನೂ ಬೀದಿಯವರೂ ಹೋದೆವು. ಅಲ್ಲಿ ಇನಾಸನ ತಾಯಿ, ಮಗನ ಧೋತರ ಹಚ್ಚಿದ ಇನ್ನೊಂದು ಕೌದಿ ಹಾಸಿ, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು! ನಾನು ನಕ್ಕೆ, ಬೀದಿಯೇ ನಕ್ಕಿತು.

ಫೌಜದಾರರು ತಿರುಗಿ ಮರಿಯಾಳ ಹತ್ತಿರ ಬಂದರು. “ಕೌದಿ ತೆಗಿಯವ್ವಾ, ಬರಕೋತೇನಿ.”

“ಮೊದಲ ಬರಕೋರಿ.”

ಕೊನೆಗೆ ಒಳಗೆ ಸಿಕ್ಕಿಬಿದ್ದಿದ್ದ ಪೇದೆಯಿಂದ ಕಿಟಕಿಯಲ್ಲಿ ಕಾಗದ ಇಸಿದುಕೊಂಡು, ಹೊರಗಿನ ಕಟ್ಟೆಯ ಮೇಲೆ ಕೂತೇ ಖೂನಿಯ ಫಿರ್ಯಾದಿ ಬರೆದುಕೊಂಡರು. ಮುಂದೆ ಗುತ್ತಿಗೆದಾರನಿಗೆ ಕೋರ್ಟಿನಲ್ಲಿ ಶಿಕ್ಷೆಯೂ ಆಯಿತು.

ಬದುಕಿದ್ದಾಗ ಇನಾಸ ಕೂಲಿಗಳ ತಕರಾರು ಹೊತ್ತು ಬಂದಾಗಲೆಲ್ಲ ಅದೇ ಬಾಗಿಲಿನಿಂದ ಅವನನ್ನು ದಬ್ಬಿ ಕಳಿಸಿದ್ದನ್ನು ನೋಡಿದ್ದೆ. ಅವನ ಹರಕು ಅಂಗಿಯನ್ನು ಮಾತ್ರ ಅವತ್ತು ಯಾರೂ ದಾಟಲಿಲ್ಲ.