ಚೀನಾದವನ ಅಜ್ಜಿಯ ಭಾಷೆ

ಊರಿಗೆ ಬಂದ ಅತಿಥಿಯನ್ನು ಹೊಟ್ಟೆಕಿಚ್ಚಿಗೆ ಬಿದ್ದು ಅಣಕಿಸಿದ ಪೆದ್ದ ನಾನೇ. ಶಿಡ್ಲಘಟ್ಟದಲ್ಲಿ ನಾನು ಕೆಲಸ ಮಾಡುವ ರೇಷ್ಮೆ ಘಟಕಕ್ಕೆ ಹೊಸ ಯಂತ್ರ ಕೂರಿಸಲು ಚೀನಾದಿಂದ ನನ್ನದೇ ವಯಸ್ಸಿನ ಮೆಕ್ಯಾನಿಕ್ ಬಂದಿದ್ದ. ಅಲ್ಲಿಯವರೆಗೆ ನನ್ನ ಮಿಮಿಕ್ರಿಗೆ ನಗುತ್ತಿದ್ದ ನೂಲು ಬಿಚ್ಚುವ ಅಕ್ಕಂದಿರು, ಈಗ ಅವನಿಗೆ ಮುದ್ದೆ ನುಂಗುವುದನ್ನು ಕಲಿಸುವುದರಲ್ಲೇ ಮುಳುಗಿದ್ದರು.

"ನನ್ನ ಕಡೆನೂ ಸ್ವಲ್ಪ ನೋಡ್ರಕ್ಕ," ಅಂದೆ.

"ನೀನು ದಿನಾ ಸಾಯೋನು, ಸುಮ್ನಿರಪ್ಪ."

ಉರಿದುಹೋಯಿತು. ಅವನು ಫೋನಿನಲ್ಲಿ ಆಡುವ ಚೀನೀ ಮಾತಿನ ಧಾಟಿಯನ್ನು ಅವನೆದುರೇ ಮೂಗಿನಲ್ಲಿ ಎಳೆದು ತೋರಿಸಿದೆ. ಅಕ್ಕಂದಿರು ನಕ್ಕರು, ನಾನು ಗೆದ್ದೆ ಅಂದುಕೊಂಡೆ. ಅವನೂ ನಗುತ್ತಾ ಮೊಬೈಲಿಗೆ ಏನೋ ಹೇಳಿದ. ಅದು ಅಚ್ಚ ಪುಸ್ತಕದ ಕನ್ನಡಕ್ಕೆ ಅನುವಾದಿಸಿ ಓದಿತು:

"ನೀವು ಅಣಕಿಸಿದ್ದು ನಾನು ಶಾಲೆಯಲ್ಲಿ ಕಲಿತ ಭಾಷೆ. ನಾವು ಚೀನಾದ ಜುವಾಂಗ್ ಎಂಬ ಅಲ್ಪಸಂಖ್ಯಾತ ಜನಾಂಗದವರು, ನನ್ನ ಅಜ್ಜಿಯ ಭಾಷೆ ಬೇರೆ. ಅದು ನನಗೇ ಬರುವುದಿಲ್ಲ. ನಿಮಗೆ ಬಂದರೆ ದಯವಿಟ್ಟು ಕಲಿಸಿ."