ಎಪ್ಪತ್ತೆರಡು ಎಂದು ಬರೆಯದವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅಲ್ಲಿ ಕೆಲಸಕ್ಕಿದ್ದ ಅವಳನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಬಾಯ್ಲರ್ ನೋಡಿಕೊಳ್ಳುವ ಮುದುಕ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಅವನಿಗೆ ಹದಿನಾಲ್ಕು ಸಲ ಯಾಕೆ ಎಂದು ಕೇಳಿದ್ದಳಂತೆ. ಎಣಿಸಿದವನು ಅವನೇ, ಆದ್ದರಿಂದ ಒಂದೆರಡು ಹೆಚ್ಚಾಗಿದ್ದರೂ ಇರಬಹುದು.

ಕೇಳುವುದಕ್ಕೆ ಅಲ್ಲಿ ಬೇಕಾದಷ್ಟಿತ್ತು. ಮೇಲಿನ ವಾರ್ಡುಗಳಿಂದ ಹಾಸಿಗೆ ಬಟ್ಟೆ ಅಗಲವಾದ ತಗಡಿನ ಕೊಳವೆಯಲ್ಲಿ ಜಾರಿ ದೊಪ್ಪೆಂದು ಬಂದು ಬೀಳುತ್ತಿತ್ತು. ಅದರ ಮಡಿಕೆಗಳಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಥರ್ಮಾಮೀಟರು, ಒಮ್ಮೆ ಯಾರೋ ಅರ್ಧ ಬರೆದ ಪತ್ರ. ಬೇರೆಯವರು ಇವನ್ನೆಲ್ಲ ಒಂದು ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ಮಾತ್ರ ಊಟದ ಬಿಡುವಿನಲ್ಲಿ ಮಹಡಿ ಹತ್ತಿ, ಯಾರದೆಂದು ಪತ್ತೆ ಹಚ್ಚಿ ಕೊಟ್ಟು ಬರುತ್ತಿದ್ದಳು. ಪರೋಪಕಾರ ಎಂದುಕೊಳ್ಳಬೇಡಿ, ಅದೊಂದು ನೆಪ. ಹದಿನಾರನೇ ಹಾಸಿಗೆಯ ಗುರುತಿದ್ದ ದಿಂಬಿನ ಚೀಲ ದಿನವೂ ಎಡಗಡೆ ಮಾತ್ರ ಒದ್ದೆಯಾಗಿ ಬರುತ್ತಿತ್ತು. ಅದೇಕೆಂದು ಕಣ್ಣಾರೆ ನೋಡುವ ತನಕ ಅವಳಿಗೆ ಸಮಾಧಾನವಿರಲಿಲ್ಲ. ಹೋಗಿ ನೋಡಿದರೆ ಒಬ್ಬ ನಿವೃತ್ತ ಮೇಷ್ಟರು. ಮುಖದ ಎಡಭಾಗಕ್ಕೆ ಲಕ್ವ ಹೊಡೆದು, ಬಾಯಿ ಆ ಕಡೆ ಮುಚ್ಚುತ್ತಿರಲಿಲ್ಲ. ಅವಳು ಕರವಸ್ತ್ರದಿಂದ ಅವರ ಬಾಯಿ ಒರೆಸಿ ಕೆಳಗಿಳಿದು ಬಂದಳು. ನರ್ಸ್ ಆಗಬೇಕೆಂಬ ಹುಚ್ಚು ಹತ್ತಿದ್ದು ಅಂದೇ.

ಅಡ್ಡ ಬಂದದ್ದು ಅಂಕ. ನೂರಕ್ಕೆ ನಲವತ್ತಮೂರು. ದಡ್ಡಿಯೇನಲ್ಲ, ಆದರೆ ಅವಳ ಬುದ್ಧಿ ಹೇಳಿದ ಮಾತು ಕೇಳುವ ಜಾತಿಯದಲ್ಲ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಮೂತ್ರಪಿಂಡ ರಕ್ತವನ್ನು ಹೇಗೆ ಸೋಸುತ್ತದೆ ಎಂಬ ಪ್ರಶ್ನೆ ಬಂದಿತ್ತು. ಐದು ಅಂಕದ ಆ ಪ್ರಶ್ನೆಗೆ ಏಳು ಪುಟ ಬರೆದು ತಲೆ ಎತ್ತುವಷ್ಟರಲ್ಲಿ ಗಂಟೆ ಹೊಡೆದುಬಿಟ್ಟಿತು. ಐದಕ್ಕೆ ಐದು ಬಂತು, ಉಳಿದ ಹಾಳೆಗಳು ಖಾಲಿ. ಗಣಿತವಂತೂ ಕಬ್ಬಿಣದ ಕಡಲೆ. ಮಗ್ಗಿ ಅವಳ ತಲೆಯಲ್ಲಿ ಒಂದು ದಿನವೂ ನಿಂತದ್ದಿಲ್ಲ. ಮೂರು ನರ್ಸಿಂಗ್ ಶಾಲೆಗಳು ಅರ್ಜಿಯ ಮೊದಲ ಪುಟ ನೋಡಿಯೇ ಹಿಂದಕ್ಕೆ ಕಳಿಸಿದ್ದವು.

ಕೊನೆಗೆ ಅವರದೇ ಆಸ್ಪತ್ರೆಯ ಶಾಲೆ ಒಂದು ಪ್ರಕಟಣೆ ಅಂಟಿಸಿತು. ಮೂರು ವರ್ಷ ಇಲ್ಲಿ ದುಡಿದ ಕೆಳದರ್ಜೆಯ ನೌಕರರಿಗೆ ಒಂದೇ ಒಂದು ಸೀಟು. ಅಂಕ ಎಷ್ಟಿದ್ದರೂ ಅರ್ಜಿ ಹಾಕಬಹುದು, ಆದರೆ ಸಂದರ್ಶನ ಗೆಲ್ಲಬೇಕು ಮತ್ತು ವಯಸ್ಸು ಇಪ್ಪತ್ತೇಳು ತುಂಬಿರಬಾರದು. ಅವಳಿಗೆ ಇಪ್ಪತ್ತೇಳು ತುಂಬಲು ನಾಲ್ಕು ತಿಂಗಳಿತ್ತು. ಇದು ಕೈತಪ್ಪಿದರೆ ಸಾಯುವ ತನಕ ನೆಲಮಾಳಿಗೆಯೇ ಗತಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ದಾರ ಕಚ್ಚಿ ಕತ್ತರಿಸಿದರು. ಅಲ್ಲಿ ಹೋಗಿ ಅವರನ್ನೇ ಪ್ರಶ್ನೆ ಕೇಳುತ್ತ ಕೂರಬೇಡ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಬಾ ಎಂದರು. ಬಾಯಿಗೆ ಬೀಗ ಹಾಕಿಕೊಂಡು ಹೋಗುತ್ತೇನೆ ಎಂದು ಮಗಳು ಮಾತು ಕೊಟ್ಟಳು.

ಸಂದರ್ಶನಕ್ಕೆ ಬಂದವರು ಹನ್ನೊಂದು ಜನ. ಉಳಿದ ಹತ್ತು ಮಂದಿಯೂ ವಾರ್ಡುಗಳಲ್ಲೇ ಪಳಗಿದ ಸಹಾಯಕರು, ಅಂಕದಲ್ಲೂ ಇವಳಿಗಿಂತ ಮೇಲೆ. ಪ್ರಾಂಶುಪಾಲರ ಪಕ್ಕದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಸಿಸ್ಟರ್ ಕೂತು, ಪ್ರತಿಯೊಬ್ಬರಿಗೂ ತಮ್ಮ ಕೈ ಚಾಚಿ, ನಾಡಿ ನೋಡಿ ಚೀಟಿಯಲ್ಲಿ ಬರೆಯಿರಿ ಎನ್ನುತ್ತಿದ್ದರು. ಮಾತನಾಡುತ್ತ ಎಷ್ಟು ಮೆದುವಾಗಿ ಹಿಡಿಯುತ್ತಾರೆಂದು ನೋಡುವುದಷ್ಟೇ ಅವರ ಉದ್ದೇಶ, ಸಂಖ್ಯೆಯ ಮೇಲೆ ಅವರಿಗೂ ಅಷ್ಟೇನೂ ಗಮನವಿರಲಿಲ್ಲ.

ವಾರ್ಡಿನವರಿಗೆ ಇದು ನೀರು ಕುಡಿದಷ್ಟು ಸುಲಭ. ದಿನಾ ಬೆಳಗ್ಗೆ ನಲವತ್ತು ಜನರ ನಾಡಿ ಬರೆಯಬೇಕು, ಹಿಂದಿನಿಂದ ಒಬ್ಬರು ಬೇಗ ಬೇಗ ಎನ್ನುತ್ತಿರುತ್ತಾರೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ವಾಡಿಕೆ. ಆತುರವಿದ್ದರೆ ಅದೂ ಇಲ್ಲ, ಬೆರಳಿಟ್ಟ ಶಾಸ್ತ್ರ ಮಾಡಿ ಎಪ್ಪತ್ತೆರಡು ಎಂದು ಗೀಚಿ ಮುಂದಿನ ಹಾಸಿಗೆಗೆ ಹೋಗುವುದು. ಆರೋಗ್ಯವಂತರ ನಾಡಿ ಅಷ್ಟೇ ಇರುವುದರಿಂದ ಎಪ್ಪತ್ತೆರಡು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಅಂದು ಹತ್ತು ಚೀಟಿಗಳಲ್ಲಿ ಒಂಬತ್ತು ಎಪ್ಪತ್ತೆರಡು ಬಂದವು. ಒಬ್ಬ ಧೈರ್ಯವಂತ ಎಪ್ಪತ್ತಾರು ಬರೆದಿದ್ದ.

ಯಾಕಮ್ಮನಿಗೆ ಗುಣಿಸಲು ಬಾರದು. ಹಾಗಾಗಿ ಗೋಡೆ ಗಡಿಯಾರ ನೋಡುತ್ತ ಇಡೀ ನಿಮಿಷ ಎಣಿಸಿದಳು. ಎಂಬತ್ತೆಂಟು ಬಂತು. ಲೆಕ್ಕದಲ್ಲಿ ತನ್ನ ಮೇಲೆ ತನಗೇ ನಂಬಿಕೆಯಿಲ್ಲದ್ದರಿಂದ ಇನ್ನೊಮ್ಮೆ ಎಣಿಸಿದಳು. ತೊಂಬತ್ತೇಳು. ಬೆರಳ ಕೆಳಗೆ ಎರಡು ಬಡಿತ ಒಂದರ ಹಿಂದೊಂದು ಓಡಿ ಬರುತ್ತಿದ್ದವು, ಆಮೇಲೆ ಒಂದು ಬರಬೇಕಾದ ಜಾಗದಲ್ಲಿ ಬರುತ್ತಲೇ ಇರಲಿಲ್ಲ. ಅವಳಿಗೆ ಸಂದರ್ಶನ ಮರೆತೇ ಹೋಯಿತು. ಮೂರನೇ ಸಲ ಎಣಿಸತೊಡಗಿದಾಗ ಪ್ರಾಂಶುಪಾಲರು ಕೆಮ್ಮಿದರು.

ಎಪ್ಪತ್ತೆರಡು ಎಂಬ ಸಂಖ್ಯೆ ಅವಳಿಗೂ ಗೊತ್ತಿತ್ತು, ಪುಸ್ತಕದಲ್ಲೇ ಇದೆ. ಬರೆದು ಎದ್ದು ಬಂದಿದ್ದರೆ ಆಗುತ್ತಿತ್ತು. ಪೆನ್ನು ಹಿಡಿದಳು. ಬರೆಯಲು ಕೈ ಬರಲಿಲ್ಲ.

"ನಂಗೆ ಗೊತ್ತಾಗ್ತಿಲ್ಲ ಸಿಸ್ಟರ್," ಎಂದಳು. "ಪ್ರತಿ ಸಲ ಬೇರೆ ಬೇರೆ ಬರ್ತಿದೆ. ನಡುನಡುವೆ ನಿಂತೇ ಹೋಗುತ್ತೆ. ಯಾಕೆ ಹೀಗೆ?"

ಇಷ್ಟು ಸುಲಭದ ಪರೀಕ್ಷೆಯನ್ನೂ ಮಾಡಲಾಗದವಳ ನಲವತ್ತಮೂರು ಅಂಕದ ಬಗ್ಗೆ ಪ್ರಾಂಶುಪಾಲರು ಏನೋ ಹೇಳಹೊರಟರು. ಸಿಸ್ಟರ್ ಅವರನ್ನು ಕೈಸನ್ನೆಯಿಂದ ತಡೆದು, ತಮ್ಮ ಮಣಿಕಟ್ಟಿನ ಮೇಲೆ ತಾವೇ ಎರಡು ಬೆರಳಿಟ್ಟು ಗಡಿಯಾರ ನೋಡಿದರು. ನಿಮಿಷ ಮುಗಿದರೂ ಬೆರಳು ತೆಗೆಯಲಿಲ್ಲ. ಮೆಟ್ಟಿಲು ಹತ್ತುವಾಗಿನ ಏದುಸಿರನ್ನು ಒಂದು ವರ್ಷದಿಂದ ವಯಸ್ಸಿನ ತಲೆಗೆ ಕಟ್ಟಿದ್ದವರ ಮುಖ ಬಿಳಿಚಿಕೊಂಡಿತು.

"ಬೆಳಗ್ಗೆಯಿಂದ ಹತ್ತು ಜನ ಈ ಕೈ ಹಿಡಿದ್ರು," ಎಂದು ಪ್ರಾಂಶುಪಾಲರ ಕಡೆ ತಿರುಗಿದರು. "ನಾನು ಹಾಸಿಗೆ ಹಿಡಿದ್ರೆ ನನ್ನ ಪಕ್ಕದಲ್ಲಿ ಯಾರಿರಬೇಕು, ನೀವೇ ಹೇಳಿ."

ಪ್ರಾಂಶುಪಾಲರು ಚೀಟಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಆ ಒಂದು ಸೀಟಿನ ಎದುರು ಅವಳ ಹೆಸರು ಬರೆದು, ಸಹಿ ಹಾಕಲು ನಮೂನೆಯನ್ನು ಅವಳ ಮುಂದೆ ತಳ್ಳಿದರು.

ಅವಳು ಅದನ್ನು ನೋಡಲೇ ಇಲ್ಲ. ಸಿಸ್ಟರ್ ಕೈಯನ್ನು ಮತ್ತೆ ಹಿಡಿದುಕೊಂಡಿದ್ದಳು.

"ಸಹಿ ಆಮೇಲೆ ಹಾಕ್ತೀನಿ," ಎಂದಳು. "ಮೊದಲು ಡಾಕ್ಟರ ಹತ್ತಿರ ಹೋಗೋಣ, ಏಳಿ."

ನಲವತ್ತು ವರ್ಷ ಎಲ್ಲರಿಗೂ ಏಳಿ, ಕೂರಿ, ಮಲಗಿ ಎಂದು ಹೇಳಿಕೊಂಡೇ ಬಂದಿದ್ದ ಸಿಸ್ಟರ್ ಅವಳು ಹೇಳಿದಂತೆ ಎದ್ದು ನಿಂತರು.